ಹಾಸಿಗೆ ತುಂಬ ಸೇಬು

ಬೇಕರಿಯವರು ನಮ್ಮ ಮನೆ ನೋಡಲು ಬರುವ ಹಿಂದಿನ ದಿನ ಮಧ್ಯಾಹ್ನ ಗಾಳಿ ಎದ್ದು, ಹಣ್ಣಿನ ಶೆಡ್ಡಿನ ಮೇಲಿದ್ದ ತಗಡನ್ನು ಕಿತ್ತು ತೋಟದ ಆಚೆ ತುದಿಗೆ ಎಸೆಯಿತು. ಅಪ್ಪ ತಗಡಿನ ಹಿಂದೆ ಓಡಿದ, ಅಣ್ಣ ಅಪ್ಪನ ಹಿಂದೆ ಓಡಿದ. ಅಜ್ಜಿ ಎಲ್ಲಿಗೂ ಓಡಲಿಲ್ಲ. ಬಾಗಿಲಲ್ಲಿ ನಿಂತು ಆಕಾಶ ನೋಡಿ, "ಆ ತಗಡಿನ ಮನೆ ಹಾಳಾಗ! ಮೊದ್ಲು ಹಣ್ಣು ಒಳಗೆ ತನ್ನಿ. ಇವತ್ತು ಬಕೆಟ್ಟಲ್ಲಿರೋ ನೀರು ಕಲ್ಲಾಗತ್ತೆ" ಅಂದಳು.

ಚಳಿ ಶುರುವಾಗುವ ಮೊದಲು ಕಿತ್ತ ಸೇಬನ್ನು ಹುಲ್ಲಿನ ಮೇಲೆ ಹರಡಿಟ್ಟು, ಚಳಿಗಾಲವೆಲ್ಲ ಸ್ವಲ್ಪಸ್ವಲ್ಪವಾಗಿ ಮಾರುವುದು ನಮ್ಮ ಮನೆಯ ಪದ್ಧತಿ. ತೋಟ ಚಿಕ್ಕದು, ಹಣ್ಣು ಒಳ್ಳೆಯದು, ಆದರೆ ಅದರ ಹಟ ಹೇಳತೀರದು. ನೀರು ಹೆಪ್ಪುಗಟ್ಟುವಂಥ ಚಳಿ ತಾಗಿದರೆ ಒಳಗೇ ಕಂದಿ ಮೆತ್ತಗಾಗುತ್ತದೆ. ಒಲೆಯ ಶಾಖ ತಾಗಿದರೆ ಸುಕ್ಕುಗಟ್ಟಿ ಅಜ್ಜಿಯ ಕೆನ್ನೆಯ ಹಾಗಾಗುತ್ತದೆ. ಒಂದರ ಮೈ ಇನ್ನೊಂದಕ್ಕೆ ತಗುಲಬಾರದು, ಯಾಕೆಂದರೆ ಒಂದು ಕೊಳೆತರೆ ಪಕ್ಕದ್ದೂ ಕೊಳೆಯುತ್ತದೆ. ಹೆರಿಗೆಯಾದ ಮನೆಯಲ್ಲೂ ಇಷ್ಟು ಪಥ್ಯ ಇರುವುದಿಲ್ಲ ಎಂದು ಅಮ್ಮ ಹೇಳುವುದುಂಟು.

ಮನೆಯ ನೆಲ ಕಲ್ಲಿನದು, ಅದರ ಮೇಲೆ ಇಡುವಂತಿರಲಿಲ್ಲ. ಅಜ್ಜಿಯ ಮಂಚದ ಮೇಲೆ ಹುಲ್ಲು ಹಾಸಿ ಮೊದಲ ಸಾಲು ಇಟ್ಟೆವು. ಅದು ತುಂಬಿದ ಮೇಲೆ ಅಪ್ಪ ಅಮ್ಮನ ಮಂಚ, ಆಮೇಲೆ ನನ್ನದು, ಆಮೇಲೆ ಒಳಕೋಣೆಯಲ್ಲಿದ್ದ ಅಣ್ಣನದು. ಇನ್ನೂ ಉಳಿದಿದ್ದವು. ಮುಂದಿನ ಕೋಣೆಯ ಮೇಜು, ಉದ್ದ ಬೆಂಚು, ಕೈಯಿರುವ ಎರಡು ಕುರ್ಚಿ ಎಲ್ಲವೂ ಆಯಿತು. ಅವುಗಳ ಮೇಲೆ ಮನೆಯಲ್ಲಿದ್ದ ರಜಾಯಿ, ಕಂಬಳಿ, ಅಪ್ಪನ ಹಳೆಯ ಕೋಟು, ಕಿಟಕಿಯ ಪರದೆ ಹೊದಿಸಿದೆವು. ಕೋಣೆಗಳ ಒಲೆಗಳನ್ನು ಅಜ್ಜಿ ತಾನೇ ನಿಂತು ಆರಿಸಿದಳು. ಅಡುಗೆಮನೆಯ ಒಲೆಯೊಂದೇ ಉಳಿಯಿತು.

ಕೊನೆಯ ಬುಟ್ಟಿ ಬರಿದಾದ ಮೇಲೆ ಅಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ಸುತ್ತ ನೋಡಿದಳು.

"ಅಲ್ಲ, ನಾಳೆ ಬರೋರನ್ನ ಎಲ್ಲಿ ಕೂರಿಸೋದು?"

ಅಣ್ಣ ಕೈಯಲ್ಲಿದ್ದ ಸೇಬನ್ನು ನೋಡುತ್ತ ನಿಂತುಬಿಟ್ಟ. ಇಷ್ಟು ಹೊತ್ತು ಅವನಿಗೂ ಆ ಯೋಚನೆ ಬಂದಿರಲಿಲ್ಲ. ಹಣ್ಣು ಕೈಗೆ ಬಂದರೆ ನಮ್ಮ ಮನೆಯವರಿಗೆ ಮದುವೆಯೂ ಮರೆತುಹೋಗುತ್ತದೆ.

ಬೇಕರಿಯವರು ಬರುವುದಿದ್ದದ್ದು ಕೋಣೆಯ ಅಂದ ನೋಡಲಲ್ಲ. ಅಣ್ಣ ಪೇಟೆಯ ಬೇಕರಿಗೆ ಹಣ್ಣು ಕೊಡಲು ಹೋಗಿ ಹೋಗಿ ಅವರ ಮಗಳ ಮನಸ್ಸು ಗೆದ್ದಿದ್ದ. ಹುಡುಗಿ ಒಪ್ಪಿದ್ದಳು, ಅವಳ ಅಮ್ಮ ಒಪ್ಪಿದ್ದರು. ಅವಳ ಅಪ್ಪ ಮಾತ್ರ ಒಂದೇ ಪಟ್ಟು ಹಿಡಿದಿದ್ದರು. ಅವರ ಮನೆ ಇರುವುದು ಬೇಕರಿಯ ಭಟ್ಟಿಯ ಮೇಲೆ. ಎಂಥ ಚಳಿಗಾಲದಲ್ಲೂ ಅಲ್ಲಿ ಬರಿಗಾಲಲ್ಲಿ ಓಡಾಡಬಹುದಂತೆ. ಅಂಥ ಬೆಚ್ಚನೆಯ ನೆಲದ ಮೇಲೆ ಬೆಳೆದ ಮಗಳನ್ನು ತೋಟದ ಕಲ್ಲುಮನೆಗೆ ಕೊಟ್ಟರೆ ಚಳಿಗೆ ಸೊರಗಿಹೋಗುತ್ತಾಳೆ ಎಂಬುದು ಅವರ ಭಯ. "ಚಳಿಗಾಲದಲ್ಲೇ ಬಂದು ನೋಡ್ತೀನಿ. ಮನೆ ಬೆಚ್ಚಗಿದ್ರೆ ಸರಿ, ಇಲ್ದಿದ್ರೆ ಇಲ್ಲ" ಎಂದಿದ್ದರು.

"ಇನ್ನೊಂದು ದಿನ ಬರೋಕೆ ಹೇಳೋಣ್ವಾ?" ಅಪ್ಪ ಕೇಳಿದ.

"ಬೇಡಪ್ಪಾ. ಚಳಿ ಜಾಸ್ತಿ ಆಯ್ತು, ಅದಕ್ಕೇ ಬರಬೇಡಿ ಅಂತಾರೆ ಅಂದ್ಕೊಳ್ತಾರೆ" ಅಂದ ಅಣ್ಣ. ಅವನ ಮುಖ ನೋಡಲಾಗುತ್ತಿರಲಿಲ್ಲ. "ಒಳಕೋಣೆ ಒಂದರಲ್ಲಾದ್ರೂ ಒಲೆ ಹಚ್ಚಬಹುದಲ್ವಾ ಅಜ್ಜೀ?"

"ಹಚ್ಚು ಮಗನೇ. ಆ ಹಣ್ಣೆಲ್ಲಾ ಬಾಡಿಹೋಗಲಿ. ಆಮೇಲೆ ಹೆಂಡತೀಗೆ ಗಾಳಿ ಉಣ್ಣಿಸು."

ಕೊನೆಗೆ ಉಪಾಯ ಹೇಳಿದವಳೂ ಅಜ್ಜಿಯೇ. "ಅಡುಗೆಮನೆಯಿಂದ ಅವರನ್ನ ಏಳಕ್ಕೇ ಬಿಡಬೇಡಿ. ತಿನ್ನಿಸ್ತಾ ಇರಿ. ಹೊಟ್ಟೆ ತುಂಬಿದೋರಿಗೆ ಎಲ್ಲಾ ಮನೇನೂ ಬೆಚ್ಚಗೇ ಇರತ್ತೆ."

ಮರುದಿನ ಅವರು ಬಂದಾಗ ಬೇಕರಿಯವರ ಮೈಮೇಲೆ ಎಷ್ಟು ಬಟ್ಟೆ ಇತ್ತೆಂದರೆ ಕೈಗಳು ಪಕ್ಕಕ್ಕೆ ಅಂಟದೆ ದೂರ ನಿಂತಿದ್ದವು. ಅವರ ಹೆಂಡತಿ ತೆಳ್ಳಗೆ, ಚುರುಕಾಗಿದ್ದರು. ಬಟ್ಟೆಯಲ್ಲಿ ಸುತ್ತಿ ತಂದ ಬನ್ನುಗಳು ಇನ್ನೂ ಬಿಸಿಯಾಗಿದ್ದವು. ಹುಡುಗಿ ಅಡುಗೆಮನೆಯ ಹಿಂಬಾಗಿಲ ಹೊಸ್ತಿಲಲ್ಲೇ ನನ್ನನ್ನು ಗುರುತಿಸಿ ನಕ್ಕಳು.

"ನೀನೇ ಅಲ್ವಾ ಮಾತಾಡದ ತಂಗಿ?"

ನಾನು ತಲೆಯಾಡಿಸಿದೆ.

"ಮೌನಗೌರಿ ಅದು. ಹಲ್ಲುನೋವು ಬಂದ್ರೂ ನಮಗೆ ಗೊತ್ತಾಗೋದು ಕೆನ್ನೆ ಊದಿದ ಮೇಲೆ" ಅಂದಳು ಅಜ್ಜಿ.

ಹಣ್ಣಿನ ಪೆಟ್ಟಿಗೆಗಳನ್ನು ಬೋರಲು ಹಾಕಿ, ಮೇಲೆ ಗೋಣಿ ಮಡಚಿಟ್ಟು, ಎಲ್ಲರನ್ನೂ ಒಲೆಯ ಸುತ್ತ ಕೂರಿಸಿದೆವು. ಅಮ್ಮ ಒಂದು ತಟ್ಟೆ ಖಾಲಿಯಾಗುವ ಮೊದಲೇ ಇನ್ನೊಂದು ಮುಂದಿಟ್ಟಳು. ಬೇಕರಿಯವರು ಮೊದಲು ಮಫ್ಲರ್ ತೆಗೆದರು, ಆಮೇಲೆ ಕೋಟಿನ ಗುಂಡಿ ಬಿಚ್ಚಿದರು. ಅವರು ಒಂದೊಂದು ಗುಂಡಿ ಬಿಚ್ಚಿದಾಗಲೂ ಅಣ್ಣ ಒಂದೊಂದು ನಿಟ್ಟುಸಿರು ಬಿಟ್ಟ. ಅಪ್ಪ ತಗಡಿನ ಕಥೆಯನ್ನು ಎರಡು ಸಲ ಹೇಳಿದ. ಹಣ್ಣು ಎಲ್ಲಿದೆ ಎಂದು ಒಂದು ಸಲವೂ ಹೇಳಲಿಲ್ಲ.

ಮೂರನೇ ಲೋಟ ಚಹಾ ಮುಗಿಸಿ ಬೇಕರಿಯವರು ಎದ್ದೇಬಿಟ್ಟರು. "ಅಡುಗೆಮನೆ ಬೆಚ್ಚಗಿದೆ, ಸಂತೋಷ. ಅಡುಗೆಮನೆ ಎಲ್ಲಾ ಕಡೆ ಬೆಚ್ಚಗೇ ಇರತ್ತೆ. ಮದುವೆಯಾದ್ಮೇಲೆ ಮಕ್ಕಳು ಇರೋ ಕೋಣೆ ನೋಡೋಣ."

"ಇನ್ನೊಂದು ಚೂರು..." ಅಮ್ಮ ತಟ್ಟೆ ಎತ್ತಿದಳು.

"ಬೇಡಮ್ಮಾ, ಇನ್ನು ತಿಂದ್ರೆ ನನ್ನನ್ನ ಉರುಳಿಸಿಕೊಂಡು ಹೋಗಬೇಕಾಗತ್ತೆ."

ಅಮ್ಮ ಅಪ್ಪನನ್ನು ನೋಡಿದಳು, ಅಪ್ಪ ಅಜ್ಜಿಯನ್ನು ನೋಡಿದ, ಅಜ್ಜಿ ನನ್ನನ್ನು ನೋಡಿದಳು. "ಹೋಗಮ್ಮಾ, ತೋರಿಸ್ಕೊಂಡು ಬಾ." ನನ್ನ ಬಾಯಿಂದ ಏನೂ ಹೊರಡುವುದಿಲ್ಲ ಎಂಬ ಧೈರ್ಯ ಅವಳದು. ಮುಂದಿನ ಕೋಣೆಯ ಬಾಗಿಲಿಂದಲೇ ಇಣುಕಿಸಿ ಹಿಂದಕ್ಕೆ ಕರೆದುಕೊಂಡು ಬಾ ಎಂದು ಕಣ್ಣಲ್ಲೇ ಹೇಳಿದಳು. ಆದರೆ ಬೇಕರಿಯವರು ಹೊರಟದ್ದು ನೇರ ಒಳಕೋಣೆಗೆ. ನಾನು ಹಿಂದಿನಿಂದ ಓಡಿದೆ.

ಒಳಗೆ ಕಾಲಿಡುತ್ತಲೇ ಅವರ ಉಸಿರು ಹೊಗೆಯಾಯಿತು. ಬಿಚ್ಚಿದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತ ಆರಿದ ಒಲೆ ನೋಡಿದರು. ಆಮೇಲೆ ಮಂಚ ನೋಡಿ ತಟ್ಟನೆ ದನಿ ತಗ್ಗಿಸಿದರು.

"ಯಾರಮ್ಮಾ ಮಲಗಿರೋದು? ಹುಷಾರಿಲ್ವಾ?"

ಎರಡು ರಜಾಯಿ, ಅದರ ಮೇಲೊಂದು ಕಂಬಳಿ. ನಿಜಕ್ಕೂ ಯಾರೋ ಮುಸುಕು ಹಾಕಿ ಮಲಗಿದ ಹಾಗೇ ಕಾಣುತ್ತಿತ್ತು. ಹೌದು ಎಂದು ತಲೆಯಾಡಿಸಿದ್ದರೆ ಅವರು ಬೆರಳ ತುದಿಯಲ್ಲಿ ಹೊರಗೆ ನಡೆದುಬಿಡುತ್ತಿದ್ದರು. ಆದರೆ ಹುಷಾರಿಲ್ಲದವರನ್ನು ಇಂಥ ಚಳಿಯಲ್ಲಿ ಮಲಗಿಸುವವರು ನಾವು ಎಂದಾಗುತ್ತಿತ್ತು.

"ಯಾರೂ ಇಲ್ಲ" ಅಂದೆ. "ಸೇಬು."

ಅವರು ರಜಾಯಿಯ ಅಂಚು ಎತ್ತಿದರು. ಹುಲ್ಲಿನ ಮೇಲೆ ಸಾಲುಸಾಲಾಗಿ ಕೆಂಪು ಸೇಬುಗಳು, ಎಲ್ಲದರ ತೊಟ್ಟೂ ಒಂದೇ ಕಡೆ. ತುಂಬ ಹೊತ್ತು ನೋಡಿದರು.

"ರಜಾಯಿ ಎಲ್ಲಾ ಇವಕ್ಕೇನಾ? ಮತ್ತೆ ನೀವು?"

"ಅಡುಗೆಮನೇಲಿ ಮಲಗ್ತೀವಿ. ಎಲ್ಲರೂ."

"ಒಲೆ ಪಕ್ಕ ಯಾರು?"

"ಅಜ್ಜಿ. ಆಮೇಲೆ ಅಮ್ಮ, ನಾನು, ಅಪ್ಪ."

"ಬಾಗಿಲ ಸಂದಿಯ ಗಾಳಿ ಯಾರಿಗೆ?"

"ಅಣ್ಣಂಗೆ."

ಅವರ ಮುಖ ಸ್ವಲ್ಪ ಸಡಿಲವಾಯಿತು. "ಹೂಂ. ತಾನೇ ಅಲ್ಲಿಗೆ ಹೋಗಿದ್ದಾ?"

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಅಣ್ಣನ ಮರ್ಯಾದೆ ಉಳಿಯುತ್ತಿತ್ತು. ವರ್ಷಕ್ಕೊಮ್ಮೆ ಬಾಯಿ ತೆರೆಯುವವಳಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ.

"ಇಲ್ಲ. ಗೊರಕೆ ಹೊಡೀತಾನೆ ಅಂತ ಅಜ್ಜಿ ತಳ್ಳಿದ್ಲು."

ಬಾಗಿಲ ಬಳಿ ಕಿಸಕ್ಕೆಂದ ಸದ್ದಾಯಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಅವಳ ಅಮ್ಮ. ಹಿಂದೆ ನಮ್ಮ ಮನೆಯವರೆಲ್ಲ ಇಣುಕುತ್ತಿದ್ದರು. ಅಣ್ಣ ಕಿವಿಯವರೆಗೂ ಸೇಬಿನ ಬಣ್ಣಕ್ಕೆ ತಿರುಗಿದ್ದ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಕೇಳಿದ್ದೆ" ಅಂದರು ಹುಡುಗಿಯ ಅಮ್ಮ. "ಇಲ್ಲಿ ಹಾಸಿಗೇನೇ ಇಲ್ವಲ್ರೀ!"

ಬೇಕರಿಯವರು ನಗಲಿಲ್ಲ. "ತಮಾಷೆ ಬೇಡ ಕಣೇ. ಹಣ್ಣಿಗೆ ರಜಾಯಿ ಹೊದಿಸಿ ಮನುಷ್ಯರನ್ನ ನೆಲಕ್ಕೆ ಹಾಕೋ ಮನೆಗೆ ಹೇಗೆ ಕೊಡೋದು?"

"ಅಯ್ಯೋ, ಯಾರು ಯಾರಿಗೆ ಹೇಳ್ತಿರೋದು?" ಅವರ ಹೆಂಡತಿ ಸೊಂಟಕ್ಕೆ ಕೈಯಿಟ್ಟರು. "ನಾನು ಮದುವೆಯಾಗಿ ಬಂದ ಮೊದಲನೇ ಚಳಿಗಾಲ ಭಟ್ಟಿ ಕೆಟ್ಟುಹೋಗಿತ್ತಲ್ಲ, ನೆನಪಿದ್ಯಾ? ಹಿಟ್ಟು ಉಬ್ಬಲ್ಲ ಅಂತ ಇವರು ಹಿಟ್ಟಿನ ಕೊಳಗಾನ ಹಾಸಿಗೇಲಿ ಮಧ್ಯಕ್ಕಿಟ್ಟು ನನ್ನ ರಜಾಯಿ ಹೊದಿಸಿದ್ರು ಕಣ್ರೀ! ನಾನು ಗೋಡೆ ಕಡೆ ಮುದುರಿಕೊಂಡಿದ್ದೆ. ಬೆಳಗ್ಗೆ ಎದ್ದು ನನ್ನನ್ನ ಮಾತಾಡಿಸೋಕೆ ಮುಂಚೆ ಹಿಟ್ಟಿನ ಮೈ ಮುಟ್ಟಿ ನೋಡಿದ್ರು."

"ಅದು ಗಿರಾಕಿಗಳಿಗೆ ಬ್ರೆಡ್ಡು..."

"ಇದೂ ಗಿರಾಕಿಗಳಿಗೇ ಸೇಬು."

"ಅಪ್ಪಾ, ಇದನ್ನ ನಂಗೆ ಯಾವತ್ತೂ ಹೇಳೇ ಇಲ್ಲ!" ಹುಡುಗಿ ಮಂಚದ ಅಂಚಿಗೆ ಆತು ನಗಲು ಶುರುಮಾಡಿದಳು.

"ಹುಷಾರು, ಹಣ್ಣು!" ನಾವು ಮನೆಯವರೆಲ್ಲ ನಾಲ್ಕೈದು ದನಿಯಲ್ಲಿ ಒಟ್ಟಿಗೇ ಕೂಗಿದೆವು. ಹುಡುಗಿ ಬೆಚ್ಚಿ ನೆಟ್ಟಗಾದಳು. ಆಗ ಬೇಕರಿಯವರ ಹೊಟ್ಟೆ ಕುಲುಕಿತು. ಅಷ್ಟೂ ಬಟ್ಟೆಯ ಒಳಗಿಂದ ನಗು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ನಿಲ್ಲಲಿಲ್ಲ.

ನಗು ಮುಗಿದ ಮೇಲೆ ಅವರು ರಜಾಯಿಯನ್ನು ಮೊದಲಿನ ಹಾಗೇ ಹೊದಿಸಿದರು. ಮೂಲೆಯೊಂದು ಹೊರಗುಳಿದಿತ್ತು, ಅದನ್ನೂ ಒಳಗೆ ಮಡಚಿದರು. ಆಮೇಲೆ ಮಗಳನ್ನು ಕೇಳಿದರು.

"ಚಳಿ ಆಗಲ್ವಾ ನಿಂಗೆ ಇಲ್ಲಿ?"

"ಆಗತ್ತಪ್ಪಾ, ಈಗಲೇ ಆಗ್ತಿದೆ. ಕಾಲುಚೀಲ ಹಾಕ್ಕೊಳ್ತೀನಿ. ಹುಟ್ಟಿದಾಗಿನಿಂದ್ಲೂ ಭಟ್ಟಿ ಮೇಲೇ ಇದ್ದು ನಂಗೆ ಸೆಖೆ ಆಗಿಹೋಗಿದೆ."

ಅವರು ಅಣ್ಣನ ಕಡೆ ತಿರುಗಿದರು.

"ನೋಡಪ್ಪಾ, ಈಗ ಮದುವೆ ಆಗಲ್ಲ."

ಅಮ್ಮ ನನ್ನ ತೋಳು ಹಿಡಿದುಕೊಂಡಳು.

"ಹೆಂಗಾಗತ್ತೆ? ಹುಡುಗಿ ಬಂದ್ರೆ ಮಲಗೋಕೆ ಜಾಗ ಎಲ್ಲಿದೆ? ಮೊದ್ಲು ಈ ಹಾಸಿಗೆ ಖಾಲಿ ಮಾಡು. ಖಾಲಿಯಾದ ದಿನ ಬಂದು ಹೇಳು, ದಿನ ಗೊತ್ತು ಮಾಡೋಣ."

ಅಣ್ಣನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಮಗೆಲ್ಲ ಆಗಲೇ ಆಗಿತ್ತು.

"ನಿಂತ್ಕೊಂಡು ಏನೋ ನೋಡ್ತೀಯಾ ಗೂಬೆ!" ಅಜ್ಜಿ ಅವನ ಬೆನ್ನಿಗೊಂದು ಕೊಟ್ಟಳು. "ಪೆಟ್ಟಿಗೆ ತಾ. ಮೊದಲನೇ ಪೆಟ್ಟಿಗೆ ಬೀಗರಿಗೇ ಹೋಗಲಿ, ಬನ್ನಿನೊಳಗೆ ಹಾಕ್ಕೊಳ್ತಾರೆ."

ಅಣ್ಣ ಪೆಟ್ಟಿಗೆ ತರಲು ಹೋಗುವಾಗ ಬಾಗಿಲಿಗೂ ಅಪ್ಪನಿಗೂ ಡಿಕ್ಕಿ ಹೊಡೆದ. ಹುಡುಗಿ, "ನಾನೂ ತುಂಬ್ತೀನಿ" ಎಂದು ತೋಳು ಮಡಚಿದಳು. ಉಳಿದವರೆಲ್ಲ ಅಡುಗೆಮನೆಗೆ ಬಂದು ಒಲೆಯ ಸುತ್ತ ಕುಳಿತೆವು. ಬೇಕರಿಯವರು ಕೋಟನ್ನೇ ತೆಗೆದು ಮೊಳೆಗೆ ನೇತುಹಾಕಿ, ಅಮ್ಮನ ತಟ್ಟೆಯ ಕಡೆ ತಾವಾಗಿ ಕೈಚಾಚಿದರು.

ಸಣ್ಣ ಪೆಟ್ಟಿಗೆ ಅದು. ನಾನೊಬ್ಬಳೇ ಆದರೂ ಹಾಲು ಉಕ್ಕುವಷ್ಟರಲ್ಲಿ ತುಂಬಿಸುತ್ತೇನೆ. ಅವರಿಬ್ಬರೂ ಸೇರಿ ಎಷ್ಟು ಹೊತ್ತಾದರೂ ತುಂಬಿಸಿ ಮುಗಿಸಲಿಲ್ಲ. ಒಳಗಿಂದ ಆಗಾಗ ನಗು ಕೇಳಿಸುತ್ತಿತ್ತು. ಬೇಕರಿಯವರು ಒಮ್ಮೆ ಕತ್ತು ಆ ಕಡೆ ತಿರುಗಿಸಿದರು. ಅಜ್ಜಿ ಏನೂ ಕೇಳಿಸದವಳ ಹಾಗೆ ಅವರ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದಳು.