ಎಡಕ್ಕೆ ತಿರುಗದವನು

ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ರಿಂಗಿನ ಕೆಳಗೆ ನಿಂತು ಆಡುವ ಎತ್ತರದ ಆಟಗಾರನಿಗೆ ಇದ್ದದ್ದು ಒಂದೇ ಜಾಗ. ಕಾರ್ಖಾನೆಯ ಒಂದು ಕೆಲಸವೂ ಆ ಜಾಗದ ಜೊತೆಗೇ ಬರುತ್ತಿತ್ತು. ಹೋದ ವರ್ಷದವರೆಗೆ ಅಲ್ಲಿ ಮೇಷ್ಟ್ರ ಮಗ ನಿಲ್ಲುತ್ತಿದ್ದ. ಹೊಟ್ಟೆನೋವು ಬಂದಾಗ, ಪಂದ್ಯಗಳು ಮುಗಿಯಲಿ, ಆಮೇಲೆ ಹೇಳೋಣವೆಂದು ಅವನು ನೋವು ನುಂಗಿಕೊಂಡೇ ಆಡಿದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಅದು ವೈದ್ಯರ ಕೈ ಮೀರಿತ್ತು.

ತಂಡಕ್ಕೆ ಆಟ ಕಲಿಸುತ್ತಿದ್ದ ಅವನ ಅಪ್ಪನನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮಗ ಹೋದ ಮೇಲೂ ಅವರು ಬೆಳಗಿನ ಪ್ರಾರ್ಥನೆ ತಪ್ಪಿಸಲಿಲ್ಲ, ಅಂಕಣಕ್ಕೆ ಬರುವುದನ್ನೂ ತಪ್ಪಿಸಲಿಲ್ಲ. ಸಮಾಧಾನ ಹೇಳಲು ಬಂದವರಿಗೆ, "ಕೊಟ್ಟವನು ಕೇಳಿದಾಗ ಇಲ್ಲ ಅನ್ನೋಕಾಗತ್ತಾ?" ಎಂದು ತಾವೇ ಸಮಾಧಾನ ಹೇಳಿ ಕಳಿಸುತ್ತಿದ್ದರು. ಆ ಮಾತು ನಾಲಿಗೆಯ ಮೇಲಿತ್ತು. ಎದೆಗೆ ಇಳಿಯಲು ಇನ್ನೂ ದಾರಿ ಹುಡುಕುತ್ತಿತ್ತು.

ಖಾಲಿ ಜಾಗಕ್ಕೆಂದು ಇಬ್ಬರು ಹುಡುಗರನ್ನು ತೆಗೆದುಕೊಂಡು ಪಳಗಿಸಿದ್ದಾಯಿತು. ಒಬ್ಬನಿಗೆ ಏಣಿ ಎಂದು ಹೆಸರು ಬಿದ್ದಿತ್ತು. ತೆಳ್ಳಗೆ, ಉದ್ದಕ್ಕೆ, ಹತ್ತಿ ನೋಡಬೇಕು ಅನ್ನಿಸುವಂಥವನು. ಮೇಷ್ಟ್ರ ಸೊಸೆಯ ತಮ್ಮ. ಇನ್ನೊಬ್ಬ ಕಂಬ. ಎತ್ತರದಲ್ಲಿ ಅವನಿಗೆ ಸಮ, ಅಗಲದಲ್ಲಿ ಒಂದೂವರೆ, ಮಾತಿನಲ್ಲಿ ಕಾಲು ಭಾಗ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅಂಕಣದ ಹಿಂದಿನ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ಮಲಗುತ್ತಿದ್ದರು. ಜಾಗ ತಪ್ಪಿದವನಿಗೆ ಆ ಕೋಣೆಯೂ ತಪ್ಪುತ್ತಿತ್ತು.

ಪಂದ್ಯಗಳ ಕಾಲ ಹತ್ತಿರ ಬಂತು. ತಂಡದ ಕಾರ್ಯದರ್ಶಿ ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿ, ಕುರ್ಚಿ ಎಳೆದು ಕೂರಿಸಿದರು.

"ಏಣಿ ಬೇಕೋ, ಕಂಬ ಬೇಕೋ, ಒಂದು ಹೇಳಿಬಿಡಿ ಮೇಷ್ಟ್ರೇ. ಎರಡನ್ನೂ ಇಟ್ಕೊಳ್ಳೋಕೆ ನಾವೇನು ಮನೆ ಕಟ್ಟಿಸ್ತಿದೀವಾ?"

"ಇನ್ನೊಂದು ವಾರ ನೋಡ್ತೀನಿ."

"ನೋಡಿ ನೋಡಿ ನಿಮಗೆ ಕತ್ತು ನೋವು ಬರತ್ತೆ ಅಷ್ಟೇ. ನಾಳೆ ಸಂಜೆ ಇಬ್ಬರನ್ನೂ ಎದುರುಬದುರು ಆಡಿಸಿ. ಗೆದ್ದೋನು ಇರ್ತಾನೆ, ಸೋತೋನು ಹೋಗ್ತಾನೆ. ನಿಮಗೂ ನಿಷ್ಠುರ ಇಲ್ಲ."

ಮೇಷ್ಟ್ರು ಒಪ್ಪಬಾರದಿತ್ತು. ಅವರ ತಂಡದಲ್ಲಿ ಅವರೇ ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು. ಆಟಗಾರರೆಲ್ಲ ಜೋಡಿ ಜೋಡಿ. ಅಭ್ಯಾಸಕ್ಕೆ ಮೊದಲು ಒಬ್ಬನ ಕಣಕಾಲು, ಮಂಡಿ, ಸೊಂಟವನ್ನು ಇನ್ನೊಬ್ಬ ಒತ್ತಿ ನೋಡಬೇಕು. ಜೋಡಿಯವನ ಮೈ ನಿನ್ನದೇ ಮೈ ಎಂದು ಮೊದಲ ದಿನವೇ ಹೇಳಿಕೊಡುತ್ತಿದ್ದರು. ಏಣಿಯೂ ಕಂಬನೂ ಜೋಡಿ. ಜೋಡಿಯನ್ನು ಎದುರುಬದುರು ನಿಲ್ಲಿಸಿ ತೂಗುವುದು ಅವರು ಎಂದೂ ಮಾಡದ ಕೆಲಸ. ಆದರೆ ನಿಷ್ಠುರ ತಪ್ಪುತ್ತದೆ ಎಂಬ ಮಾತು ಮುದಿ ಮನಸ್ಸಿಗೆ ಹಿತವಾಗಿ ಕೇಳಿಸಿತು. ಒಪ್ಪಿಕೊಂಡು ಮನೆಗೆ ಹೋದರು.

ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತಲೇ ಮಾತು ತೆಗೆದರು.

"ಇದರಲ್ಲಿ ಯೋಚನೆ ಮಾಡೋದೇನಿದೆ ರೀ? ಮನೆ ಹುಡುಗ ಇರುವಾಗ ಬೀದಿ ಹುಡುಗ ಯಾಕೆ?"

"ಅವನು ಬೀದಿ ಹುಡುಗ ಅಲ್ಲ ಕಣೇ. ನಮ್ಮ ಹುಡುಗ ಇದ್ದಾಗ್ಲೂ ಅಂಕಣಕ್ಕೆ ಬರ್ತಿದ್ದ, ಅವನಿಗೂ ಬೇಕಾದವನೇ ಆಗಿದ್ದ."

"ನಮ್ಮ ಹುಡುಗನ ಜಾಗದಲ್ಲಿ ನಮ್ಮೋನೊಬ್ಬ ನಿಂತಿದ್ರೆ ನಾನು ಒಂದು ದಿನ ಬಂದು ಆಟ ನೋಡ್ತೀನಿ. ಇಲ್ದಿದ್ರೆ ಆ ಕಡೆ ತಲೆ ಹಾಕಿಯೂ ಮಲಗಲ್ಲ."

ನೀರಿನ ಚೊಂಬು ತಂದಿಟ್ಟ ಸೊಸೆ ಅಲ್ಲೇ ನಿಂತಳು. ಗಂಡ ಸತ್ತ ಮೇಲೆ ಅವಳು ಮಾತನ್ನು ಅಳೆದು ಆಡುತ್ತಿದ್ದಳು.

"ಮಾವ, ನಾನು ಶಿಫಾರಸು ಮಾಡ್ತಿಲ್ಲ. ಆಟ ನೋಡಿಯೇ ಹೇಳಿ. ಆದ್ರೆ ನನಗೆ ತವರು ಅಂತ ಉಳಿದಿರೋದು ಅವನೊಬ್ಬನೇ. ಅವನೂ ಊರು ಬಿಟ್ಟು ಹೋದ್ರೆ..." ಅಷ್ಟಕ್ಕೆ ನಿಲ್ಲಿಸಿ ಒಳಗೆ ಹೋದಳು.

ಒಳಗಿನ ಕೋಣೆಯಲ್ಲಿ ಮಗನ ಮಂಚವಿತ್ತು. ಅಂಗಡಿಯ ಮಂಚಗಳಲ್ಲಿ ಕಾಲು ಹೊರಗೆ ಚಾಚುತ್ತಿದ್ದುದರಿಂದ ಬಡಗಿಯನ್ನು ಕರೆಸಿ ಅವನ ಅಳತೆಗೇ ಮಾಡಿಸಿದ್ದು. ಅವನು ಹೋದ ಮೇಲೆ ಅದರ ಮೇಲೆ ಯಾರೂ ಕೂತಿರಲಿಲ್ಲ. ಸೊಸೆ ಅತ್ತೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು. ಹೆಂಡತಿ ದಿನವೂ ಮಂಚದ ಧೂಳು ಒರೆಸಿ ಬಾಗಿಲು ಎಳೆದುಕೊಳ್ಳುತ್ತಿದ್ದರು.

ಮರುದಿನ ಸಂಜೆ ಅಂಕಣದ ಸುತ್ತ ಜನ ಸೇರಿದ್ದರು. ಕಾರ್ಯದರ್ಶಿಯೂ ಬಂದು ಕೂತರು. ಹುಡುಗರು ಎಂದಿನಂತೆ ಒಬ್ಬರ ಕಾಲು ಒಬ್ಬರು ಒತ್ತಿ ಎದ್ದರು.

"ಮೇಷ್ಟ್ರೇ, ಇವರೇನು ಜಗಳಕ್ಕೆ ಬಂದಿದಾರೋ ಸೇವೆಗೆ ಬಂದಿದಾರೋ?" ಎಂದು ಯಾರೋ ಕೂಗಿದರು.

ಆಟ ಶುರುವಾಯಿತು. ಒಬ್ಬ ರಿಂಗಿಗೆ ಬೆನ್ನು ಮಾಡಿ ಚೆಂಡು ಹಿಡಿಯುವುದು, ಇನ್ನೊಬ್ಬ ಅವನ ಬೆನ್ನಿಗೆ ಅಂಟಿ ನಿಂತು ತಡೆಯುವುದು. ಏಣಿ ಒಂದು ಹಾಕಿದರೆ ಕಂಬ ಒಂದು ಹಾಕಿದ. ಕಂಬ ಎರಡು ಹಾಕಿದರೆ ಏಣಿಯೂ ಎರಡು. ಜನಕ್ಕೆ ಖುಷಿಯೋ ಖುಷಿ. ಮೇಷ್ಟ್ರ ಮುಖ ಮಾತ್ರ ಕಳೆಗುಂದುತ್ತಾ ಬಂತು.

ಕಂಬನ ಕೈಯಲ್ಲಿ ಒಂದು ಆಟವಿತ್ತು. ಬೆನ್ನ ಹಿಂದಿನವನನ್ನು ಭುಜದಿಂದ ಒತ್ತಿ, ಎಡಕ್ಕೆ ಗಿರ್ರನೆ ತಿರುಗಿ, ಬಲಗೈಯನ್ನು ತಲೆಯ ಮೇಲಿಂದ ಬಾಗಿಸಿ ಚೆಂಡನ್ನು ಬಿಡುವುದು. ಅದನ್ನು ತಡೆದವರು ಸುತ್ತಮುತ್ತಲಿನ ತಂಡಗಳಲ್ಲಿ ಯಾರೂ ಇರಲಿಲ್ಲ. ಆ ಸಂಜೆ ಅವನು ಒಂದು ಸಲವೂ ಎಡಕ್ಕೆ ತಿರುಗಲಿಲ್ಲ. ಪ್ರತಿ ಸಲವೂ ಬಲಕ್ಕೇ ತಿರುಗಿ, ಬಾರದ ಎಡಗೈಯಲ್ಲಿ ಹಾಕಿದ. ಅರ್ಧ ಬಿತ್ತು, ಅರ್ಧ ತಪ್ಪಿತು.

ಎಡಕ್ಕೆ ತಿರುಗಿದರೆ ಹಿಂದಿನವನೂ ಎಡಕ್ಕೇ ಧಾವಿಸಬೇಕು. ಮೈಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತದೆ. ಮೇಷ್ಟ್ರ ಕಣ್ಣು ಚೆಂಡನ್ನು ಬಿಟ್ಟು ಏಣಿಯ ಕಾಲಿಗೆ ಇಳಿಯಿತು. ಹಾರಿ ಕೆಳಗೆ ಬರುವಾಗಲೆಲ್ಲ ಅವನು ಬಲಗಾಲನ್ನಷ್ಟೇ ಊರುತ್ತಿದ್ದ. ಎಡಗಾಲು ಆಮೇಲೆ, ಬಿಸಿ ನೀರಿಗೆ ಇಳಿಯುವವರ ಹಾಗೆ, ಮೆಲ್ಲಗೆ ನೆಲ ಮುಟ್ಟುತ್ತಿತ್ತು.

ಆಟ ಸಮಸಮವಾಗಿ ಮುಗಿಯಿತು. "ನಾಳೆ ಬೆಳಿಗ್ಗೆ ನೀವೇ ಹೇಳಿ ಮೇಷ್ಟ್ರೇ, ನನಗಂತೂ ಇಬ್ಬರೂ ಒಂದೇ ಅಚ್ಚಿನ ಬೆಲ್ಲ," ಎಂದು ಕಾರ್ಯದರ್ಶಿ ಎದ್ದು ಹೋದರು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಮೇಷ್ಟ್ರು ಬಾಗಿಲು ಹಾಕಿ ಕಂಬನ ಎದುರಿಗೆ ನಿಂತರು.

"ಎಡಕ್ಕೆ ಯಾಕೋ ತಿರುಗಲಿಲ್ಲ?"

ಕಂಬ ಬೂಟಿನ ದಾರ ಬಿಚ್ಚುತ್ತಾ ತಲೆ ಎತ್ತಲಿಲ್ಲ. "ಮರೆತೋಯ್ತು ಮೇಷ್ಟ್ರೇ."

"ಊಟ ಮಾಡೋದು ಮರೆತೋಯ್ತು ಅಂದ್ರೂ ನಂಬ್ತೀನಿ, ಇದನ್ನ ನಂಬಲ್ಲ. ಜಾಗ ಹೋದ್ರೆ ಎಲ್ಲಿಗೆ ಹೋಗ್ತೀಯ ನೀನು?"

"ಎಲ್ಲಿಗಾದ್ರೂ. ಜೋಡಿಯವನ ಮೈ ನಿನ್ನ ಮೈ ಅಂತ ನೀವೇ ಅಲ್ವಾ ಹೇಳಿದ್ದು?"

ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದ ಏಣಿಯ ಮುಂದೆ ಬಗ್ಗಿ ಅವನ ಎಡಮಂಡಿಗೆ ಕೈ ಹಾಕಿದರು. ಹುಡುಗ ಹಲ್ಲು ಕಚ್ಚಿದ. ಮಂಡಿ ಊದಿ ಬಿಸಿಯಾಗಿತ್ತು.

"ವೈದ್ಯರಿಗೆ ತೋರಿಸಿದೀಯಾ?"

"ತೋರಿಸ್ದೆ ಮಾವ. ಈ ವರ್ಷ ಚೆಂಡು ಮುಟ್ಟಬೇಡ ಅಂದ್ರು. ಮಲಗಿ ವಿಶ್ರಾಂತಿ ತಗೊಂಡು, ದಿನಾ ಯಾರಾದ್ರೂ ಕಾಲು ಹಿಡಿದು ಮಡಿಸಿ ಬಿಡಿಸಿ ಮಾಡಿದ್ರೆ ಸರಿಹೋಗತ್ತಂತೆ. ಆಡಿದ್ರೆ ಪೂರ್ತಿ ಹೋಗತ್ತಂತೆ. ಇದೊಂದು ಸಲ ನನ್ನನ್ನ ಇಟ್ಕೊಳ್ಳಿ. ಈ ಪಂದ್ಯ ಮುಗಿದ ಮೇಲೆ ಮಲಗ್ತೀನಿ."

ಪಂದ್ಯ ಮುಗಿದ ಮೇಲೆ ಎಂಬ ಮಾತು ಕೇಳಿ ಮೇಷ್ಟ್ರು ಎದ್ದು ನಿಂತರು. ಅವರ ಮಗನೂ ಹಾಗೆಯೇ ಅಂದುಕೊಂಡು ಆಡಿದ್ದ.

"ಆಗಲ್ಲ ಕಣಪ್ಪ. ನಿನ್ನ ಕಾಲು ಮುರಿಯೋಕೆ ನಾನು ಕೈ ಹಾಕಲ್ಲ. ನಾಳೆ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ."

ಏಣಿ ಅವರ ಎರಡೂ ಕೈ ಹಿಡಿದುಕೊಂಡ. "ಮಂಡಿ ಹೋಗಿದೆ ಅಂತ ಹೊರಗೆ ಬಂದ್ರೆ ನಾಳೆ ವಾಸಿಯಾದ್ರೂ ಯಾವ ತಂಡದವರೂ ನನ್ನ ಮುಟ್ಟಲ್ಲ. ಕುಂಟು ಕುದುರೆ ಅಂತಾರೆ. ಅಕ್ಕನಿಗಂತೂ ಹೇಳ್ಲೇಬೇಡಿ. ಭಾವನ ಹಾಗೆ ನಾನೂ ನೋವು ಮುಚ್ಚಿಟ್ಟೆ ಅಂತ ಗೊತ್ತಾದ್ರೆ ಅವಳು ಬದುಕಿರೋವರೆಗೂ ನನ್ನ ಆಡೋಕೆ ಬಿಡಲ್ಲ."

"ಹಾಗಾದ್ರೆ ವಾಸಿಯಾಗೋವರೆಗೂ ಚೆಂಡು ಮುಟ್ಟಲ್ಲ ಅಂತ ಆಣೆ ಮಾಡು."

"ನೀವು ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ. ಆಗ ಮಾಡ್ತೀನಿ. ಇಲ್ದಿದ್ರೆ ನಾಳೆಯೇ ಬೇರೆ ತಂಡಕ್ಕೆ ಹೋಗಿ ಇದೇ ಕಾಲಲ್ಲಿ ಆಡ್ತೀನಿ."

ಹುಡುಗ ಹಟಮಾರಿ, ಆಡಿದಂತೆ ಮಾಡುವವನು. ಮೇಷ್ಟ್ರು ಕಣ್ಣು ಮುಚ್ಚಿದರು. ದೇವರ ಹೆಸರಿನಲ್ಲಿ ಅವರು ಆಣೆ ಮಾಡಿದ್ದೇ ಕಡಿಮೆ, ಮಾಡಿದ್ದನ್ನು ಮುರಿದದ್ದಿಲ್ಲ. ಇಬ್ಬರೂ ಆಣೆ ಮಾಡಿದರು. ಕಂಬ ಬಾಗಿಲ ಬಳಿ ಸಾಕ್ಷಿಯ ಹಾಗೆ ನಿಂತಿದ್ದ.

ಮರುದಿನ ಮೇಷ್ಟ್ರು ಕಾರ್ಯದರ್ಶಿಯ ಮೇಜಿನ ಮುಂದೆ ನಿಂತೇ ಹೇಳಿದರು. "ಕಂಬನನ್ನ ಇಟ್ಕೊಳ್ಳಿ."

"ಏಣಿ ಯಾಕೆ ಬೇಡ?"

"ಸಂಬಂಧದವನು. ಸಮಸಮ ಇದ್ದಾಗ ನನ್ನ ಕಡೆಯವನನ್ನ ಇಟ್ಕೊಂಡ್ರೆ ಜನ ಏನಂದಾರು?"

ಕಾರ್ಯದರ್ಶಿ ಎದ್ದು ನಿಂತು ಕೈ ಮುಗಿದರು. "ಧರ್ಮರಾಯ ನೀವು ಮೇಷ್ಟ್ರೇ. ಈ ಕಾಲದಲ್ಲಿ ಯಾರು ಹೀಗೆ ಮಾಡ್ತಾರೆ!" ಸಂಜೆಯೊಳಗೆ ಈ ಹೊಗಳಿಕೆ ಊರು ಸುತ್ತಿತು. ಸಿಕ್ಕಸಿಕ್ಕವರೆಲ್ಲ ಮೇಷ್ಟ್ರಿಗೆ ನಮಸ್ಕಾರ ಹಾಕಿದರು. ಒಂದೊಂದು ನಮಸ್ಕಾರಕ್ಕೂ ಅವರ ತಲೆ ಒಂದಿಷ್ಟು ತಗ್ಗಿತು. ವಿನಯವೆಂದು ಜನ ಅದನ್ನೂ ಹೊಗಳಿದರು.

ಹೊಗಳಿಕೆ ಅವರಿಗಿಂತ ಮೊದಲೇ ಮನೆ ಸೇರಿತ್ತು. ಸೊಸೆ ಬಾಗಿಲಲ್ಲೇ ಕೇಳಿದಳು.

"ಸಂಬಂಧದವನು ಅಂತ ಬಿಟ್ರಂತೆ, ಹೌದಾ ಮಾವ?"

"ಹೌದಮ್ಮ."

"ಆಟದಲ್ಲಿ ಸೋತಿದ್ರೆ ನಾನು ತುಟಿ ಬಿಚ್ತಿರ್ಲಿಲ್ಲ. ನನ್ನ ತಮ್ಮ ಅನ್ನೋದೇ ಅವನ ತಪ್ಪಾ? ಊರಿನ ಮುಂದೆ ದೊಡ್ಡೋರಾಗೋಕೆ ನಿಮಗೆ ಅವನೇ ಬೇಕಿತ್ತಾ?"

ಬಿಸಿ ತುಪ್ಪ ಬಾಯಲ್ಲಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಹೆಂಡತಿಗೆ ಹೇಳಿದರು, "ಹುಡುಗನಿಗೆ ಇನ್ನು ಅಲ್ಲಿ ಕೋಣೆ ಇಲ್ಲ. ಇಲ್ಲೇ ಇರ್ತಾನೆ. ಅವನ ಉದ್ದಕ್ಕೆ ಆ ಮಂಚ ಬಿಟ್ಟು ಬೇರೆ ಯಾವುದೂ ಆಗಲ್ಲ."

ಹೆಂಡತಿ ಪೆಟ್ಟಿಗೆಯಿಂದ ಒಗೆದ ಹೊದಿಕೆ ತೆಗೆದು ಒಳಗಿನ ಕೋಣೆಗೆ ಹೋದರು. "ಜಾಗ ಕಿತ್ಕೊಂಡು ಮಂಚ ಕೊಡ್ತಾರೆ," ಎಂದು ಮಂಚಕ್ಕೆ ಹೇಳುವಂತೆ ಹೇಳಿದರು.

ಏಣಿ ಬಂದು ಮಲಗಿದ. ಆಣೆಗೆ ತಪ್ಪದೆ ಹಗಲೂ ಮಲಗಿಯೇ ಇದ್ದ. ಅದೇ ಮೇಷ್ಟ್ರಿಗೆ ಉರುಲಾಯಿತು. ಕಾಲಿಗೆ ವಿಶ್ರಾಂತಿ ಬೇಕೆಂದು ತಾವೇ ಮಲಗಿಸಿದ ಹುಡುಗನನ್ನು ಸೊಸೆ, ಮನಸ್ಸು ಒಡೆದು ಹಾಸಿಗೆ ಹಿಡಿದವನೆಂದು ತಿಳಿದಳು. ಅವನು ಎಷ್ಟು ಹೊತ್ತು ಮಲಗಿದರೆ ಮಾವನ ಪಾಪ ಅಷ್ಟು ಬೆಳೆಯಿತು. ಊಟದ ತಟ್ಟೆ ಈಗಲೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಜೊತೆಗೆ ಮಾತು ಬರುತ್ತಿರಲಿಲ್ಲ. ಹೆಂಡತಿಯೂ ಗೋಡೆಯ ಕಡೆ ನೋಡಿ ಮಾತಾಡುತ್ತಿದ್ದರು. ಮೇಷ್ಟ್ರು ಪ್ರಾರ್ಥನೆಗೆ ಕೂತರೆ ಕೇಳಿಕೊಳ್ಳುವುದೇನೆಂದು ತಿಳಿಯದೆ ಸುಮ್ಮನೆ ಕೂತಿರುತ್ತಿದ್ದರು. ಆಣೆ ಕೇಳಿಸಿಕೊಂಡವನ ಹತ್ತಿರವೇ ಆಣೆಯಿಂದ ಬಿಡಿಸು ಎನ್ನುವುದು ಹೇಗೆ?

ಅಭ್ಯಾಸ ಮುಗಿಸಿ ಕಂಬ ದಿನವೂ ಮನೆಗೆ ಬರುತ್ತಿದ್ದ. ಅವನ ದನಿ ಕೇಳಿದರೆ ಸೊಸೆ ಬಾಗಿಲು ತೆಗೆಯುತ್ತಿರಲಿಲ್ಲ. ಮೇಷ್ಟ್ರೇ ಎದ್ದು ತೆಗೆಯುತ್ತಿದ್ದರು. ಅವನು ತಲೆ ಬಗ್ಗಿಸಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಜೋಡಿಯವನ ಕಾಲು ಹಿಡಿದು ಮಡಿಸುವುದು, ಬಿಡಿಸುವುದು. ಯಾರೂ ಒಳಗೆ ಹೋಗದಂತೆ ಮೇಷ್ಟ್ರು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಒಂದು ಸಂಜೆ ಸೊಸೆ ಬಂದು ಕುರ್ಚಿಯ ಮುಂದೆ ನಿಂತಳು.

"ದಾರಿ ಬಿಡಿ ಮಾವ. ಜಾಗ ಸಿಕ್ಕೋನು ದಿನಾ ಬಂದು ಜಾಗ ತಪ್ಪಿದೋನಿಗೆ ಏನ್ ಹೇಳ್ತಾನೆ? ಅಣಕಿಸೋಕೆ ಬರ್ತಾನಾ?"

"ಸ್ನೇಹಿತರು. ಮಾತಾಡ್ಕೋತಾರೆ."

ಆಗಲೇ ಒಳಗಿಂದ ಒಂದು ನರಳಿಕೆ ಕೇಳಿಸಿತು. ತಡೆದರೂ ತಡೆಯದೆ ಬಂದ ದನಿ. ಮಂಡಿ ಇನ್ನೊಂದಿಷ್ಟು ಬಾಗಿತೆಂದು ಮೇಷ್ಟ್ರಿಗೆ ತಿಳಿಯಿತು. ನಿನ್ನೆಗಿಂತ ಹೆಚ್ಚು ಬಾಗಿರಬೇಕು. ಒಳ್ಳೆಯದು.

ಸೊಸೆಯ ಕಣ್ಣು ತುಂಬಿತು. "ಕೇಳಿಸ್ತಾ? ಅಳ್ತಿದಾನೆ ನನ್ನ ತಮ್ಮ."

ಮೇಷ್ಟ್ರು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಹೌದಮ್ಮ," ಎಂದರು. ಏಳಲಿಲ್ಲ.