ತಪ್ಪಿದ ಸುತ್ತು

ಮೋಟಾರು ಮತ್ತೆ ಕಿರುಚಿ ನಿಂತಿತು.

"ಸ್ವಲ್ಪ ನಿಧಾನ ಮಾಡಮ್ಮಾ, ತಿರುಗ್ತದೆ," ಎಂದ ಫಿಟ್ಟರ್ ಆರುಮುಗಂ.

"ನಿಧಾನ ಆದ್ರೆ ಯಾರು ತಗೋತಾರೆ?" ಪಂಕಜಳ ದನಿ ಅವಳಿಗೇ ಕೇಳಿಸಲಿಲ್ಲ.

ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಯಂತ್ರವದು. ಬಂಗಾರಪೇಟೆಯ ಈ ಷೆಡ್ಡಿನಲ್ಲಿ ವರ್ಷವಿಡೀ ಕೂತು ಅವಳು ಕಟ್ಟಿದ್ದು. ಮೈಕ್ರೋಕಂಟ್ರೋಲರ್ ಒಂದು ಪಲ್ಸ್ ಕಳಿಸಿದರೆ ಸ್ಟೆಪ್ಪರ್ ಮೋಟಾರು ಒಂದು ಹೆಜ್ಜೆ ತಿರುಗಬೇಕು. ಪಲ್ಸ್ ಬೇಗಬೇಗ ಬಂದಷ್ಟೂ ಸುತ್ತು ಜೋರು. ಆದರೆ ತೀರಾ ಬೇಗ ಬಂದರೆ ಮೋಟಾರಿನೊಳಗೆ ಕರೆಂಟು ತುಂಬಲು ಪುರುಸೊತ್ತೇ ಸಿಗದೆ ಅದರ ಬಲ ಉಡುಗುತ್ತದೆ. ಕೆಜಿಎಫ್‌ನಲ್ಲಿ, ಮಾಲೀಕ ಓಂಕಾರಪ್ಪನವರ ಕ್ವಾರ್ಟರ್ಸಿನಲ್ಲಿ ಪರೀಕ್ಷಿಸಿದಾಗ ಚೆನ್ನಾಗಿಯೇ ಓಡಿತ್ತು. ಅಲ್ಲಿ ಕರೆಂಟು ಕದಲದು. ಇಲ್ಲಿ ಮಧ್ಯಾಹ್ನವಾದರೆ ವೋಲ್ಟೇಜು ಇಳಿದು ಬಲ್ಬೇ ಕೆಂಪಗಾಗುತ್ತದೆ. ಅದನ್ನು ಅವಳು ಯೋಚಿಸಿರಲಿಲ್ಲ.

ಪಂಪು ತಯಾರಿಸುವ ಜಯರಾಮಪ್ಪ ಯಂತ್ರ ನೋಡಲು ಇನ್ನೇನು ಬರುವವರಿದ್ದರು. ಅವರು ಒಲ್ಲೆನೆಂದರೆ ಷೆಡ್ಡು ಮುಚ್ಚುವುದೇ ಎಂದು ಓಂಕಾರಪ್ಪ ಹೇಳಿಯಾಗಿತ್ತು. ಆಮೇಲೆ ಪಂಕಜಳಿಗೆ ಕ್ಯಾಸಂಬಳ್ಳಿಯ ಮನೆಯೇ ಗತಿ. ನಾಲ್ಕು ಜನರೆದುರು ಬಾಯಿ ಬಿಡಲಾರದ ಅವಳನ್ನು ಸಂದರ್ಶನ ಮಾಡಿದವರೆಲ್ಲ ವಾಪಸು ಕಳಿಸಿದ್ದರು. ಕೈಗೆ ಸರ್ಕ್ಯೂಟ್ ಕೊಟ್ಟದ್ದು ಇದೊಂದೇ ಜಾಗ.

ಇದ್ದದ್ದು ಒಂದೇ ಮೈಕ್ರೋಕಂಟ್ರೋಲರ್ ಚಿಪ್. ಅದನ್ನು ನೇರಳಾತೀತ ದೀಪದಡಿ ಇಟ್ಟು ಹಳೆಯ ಪ್ರೋಗ್ರಾಮು ಅಳಿಸಿ, ವೇಗ ಇನ್ನಷ್ಟು ಮೆಲ್ಲಗೆ ಏರುವಂತೆ ಹೊಸದನ್ನು ತುಂಬಿದಳು. ಬೋರ್ಡಿಗೆ ಕೂಡಿಸಿದಳು.

ಜಯರಾಮಪ್ಪ ಬಂದು ಕುರ್ಚಿಯಲ್ಲಿ ಕೂತಾಗ ಯಂತ್ರ ಗುಂಯ್ ಎಂದು ಏರಿತು. ನಿಲ್ಲಲಿಲ್ಲ. ಅವರ ಚಹಾ ಮುಗಿಯುವಷ್ಟರಲ್ಲಿ ಸುತ್ತು ಎಣಿಸುವ ಕೆಂಪು ಅಂಕೆಗಳು ಆರುನೂರಕ್ಕೆ ಬಂದು ನಿಂತವು. ಜಯರಾಮಪ್ಪ ಸುತ್ತಿದ ತಂತಿಯ ಕಾಯಿಲನ್ನು ಕೈಗೆತ್ತಿಕೊಂಡರು.

"ಅಬ್ಬಬ್ಬಾ! ನಮ್ಮಲ್ಲಿ ಕೈಯಾಗೆ ಸುತ್ತೋ ಎಂಗಸ್ರು ಎಲಡಿಕೆ ಆಕ್ಕೊಳ್ಳೋದ್ರೊಳ್ಗೆ ಸುತ್ತಾಕ್ಬುಡ್ತಲ್ಲ ಸಾಮಿ! ನಂಗೆ ಇಂಥವು ಎಲ್ಡು ಬೇಕು."

ಪಕ್ಕದಲ್ಲಿ ನಿಂತಿದ್ದ ಓಂಕಾರಪ್ಪನವರ ಮುಖ ಅರಳಿತು. ಪಂಕಜ ಮಾತ್ರ ಕಾಯಿಲಿನಿಂದ ಕಣ್ಣು ತೆಗೆಯಲಿಲ್ಲ. ಗುಂಯ್‌ಗುಟ್ಟುವಿಕೆಯ ನಡುನಡುವೆ ಮೋಟಾರು ಹೆಜ್ಜೆ ತಪ್ಪಿ ಟಕ್ಕೆಂದದ್ದು ಅವಳಿಗೆ ಕೇಳಿಸಿತ್ತು. ಅಂಕೆಗಳು ಎಣಿಸುವುದು ಕಳಿಸಿದ ಪಲ್ಸನ್ನು. ಮೋಟಾರು ತಿರುಗಿತೋ ಇಲ್ಲವೋ ಅವಕ್ಕೆ ತಿಳಿಯದು. ಕಾಯಿಲಿನಲ್ಲಿ ಸುತ್ತು ತಪ್ಪಿದೆ. ಅದನ್ನು ಹಾಕಿದ ಪಂಪು ಯಾರದೋ ಬಾವಿಯ ಬಳಿ ಸುಟ್ಟುಹೋಗುತ್ತದೆ.

ಆರುಮುಗಂಗೂ ಕೇಳಿಸಿತ್ತು. "ಸುಮ್ನಿರಮ್ಮಾ," ಎಂದು ಪಿಸುಗುಟ್ಟಿದ. "ಆಮೇಲೆ ಸರಿ ಮಾಡ್ಕೊಳ್ಳೋಣ. ನಿನ್ನ ಕಾಲಿಗೆ ಬೀಳ್ತೀನಿ."

ಸುಮ್ಮನಿರುವುದೊಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಆದರೂ ಕುರ್ಚಿಯ ಹತ್ತಿರ ಹೋದಳು.

"ಸುತ್ತು ಕಮ್ಮಿ ಇದೆ ಸಾರ್."

ಜಯರಾಮಪ್ಪ ತಿರುಗಿದರು. "ಎಷ್ಟು ಕಮ್ಮಿ?"

"ಗೊತ್ತಿಲ್ಲ. ಒಂದೊಂದು ಸಲ ಒಂದೊಂದು ಥರ."

"ಇದೇನಮ್ಮಾ ಇಂಗಂತೀಯ! ಮಾಡ್ದೋಳ್ಗೇ ಗೊತ್ತಿಲ್ದಿದ್ರೆ ನಾನ್ಯಾರ್ನ ಕೇಳ್ಲಿ?" ಕಾಯಿಲನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದರು. "ಬತ್ತೀನಿ ಸಾಮಿ. ಮಾರಿಕುಪ್ಪಂ ರೈಲು ಒಂಟೋಯ್ತದೆ."

ಅವರನ್ನು ಬಾಗಿಲವರೆಗೆ ಬಿಟ್ಟು ಓಂಕಾರಪ್ಪ ಪಂಕಜಳತ್ತ ತಿರುಗಿದರು. "ವರ್ಷಾತು, ನಿನ್ನ ದನೀನೇ ಕೇಳಿರ್ಲಿಲ್ಲವ್ವ. ಬಾಯಿ ಬರಾಕೆ ಇವತ್ತೇ ಆಗಬೇಕಿತ್ತಾ?" ಮೈನ್ ಸ್ವಿಚ್ಚನ್ನು ಕೆಳಗೆಳೆದು ಹೊರಟುಹೋದರು.

ಎಷ್ಟು ತಪ್ಪಿದೆಯೆಂದಾದರೂ ತಿಳಿಯಲೆಂದು ಪಂಕಜ ಕಾಯಿಲನ್ನು ಬಿಚ್ಚಿ ಎಣಿಸತೊಡಗಿದಳು. ಕಣ್ಣು ಮಂಜಾಗಿ ನಡುವೆ ಎಲ್ಲೋ ಲೆಕ್ಕ ಕಳೆದುಹೋಯಿತು. ಬಿಚ್ಚಿದ ತಂತಿ ಕಾಲಬಳಿ ಸಿಕ್ಕುಸಿಕ್ಕಾಗಿ ಬಿದ್ದಿತ್ತು. ಮೊದಲಿನಿಂದ ಎಣಿಸೋಣವೆಂದರೆ ಕಾಯಿಲೇ ಉಳಿದಿರಲಿಲ್ಲ.