ಒದ್ದೆ ಕೈ

"ಇನ್ನೊಂದ್ಸಲ ಒರಸಿ ಸಾರ್. ಆ ತುದೀಲಿ ಇನ್ನೂ ಪಸೆ ಇದೆ" ಎಂದಳು ಅರ್ಪಿತ.

ಸಂಜೀವಪ್ಪ ಮೇಷ್ಟ್ರು ಮೊಣಕಾಲೂರಿ ನೆಲಕ್ಕಿಟ್ಟ ಬ್ಯಾಲೆನ್ಸ್ ಬೀಮಿನ ಮೇಲೆ ಮತ್ತೆ ಟವಲು ಎಳೆದರು. ಒಂದು ಕಾಲಕ್ಕೆ ಅವರು ವಿಷಲ್ ಊದಿದರೆ ಇಡೀ ಹೈಸ್ಕೂಲು ಸೆಟೆದು ನಿಲ್ಲುತ್ತಿತ್ತು. ಆ ಪಿ.ಟಿ. ಮೇಷ್ಟ್ರು ಈಗ ಮೊಮ್ಮಗಳು ಸಿಂಚನಳ ಪಾದದ ಬೆವರು ಒರೆಸುತ್ತಿದ್ದರು. ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತ ತಾಯಂದಿರೆಲ್ಲ ನೋಡುತ್ತಿದ್ದರು. ಅವರು ನೋಡಲಿ ಎಂದೇ ಅರ್ಪಿತ ಆ ಕುರ್ಚಿಗಳನ್ನು ಅಲ್ಲಿ ಹಾಕಿಸಿದ್ದಳು.

ದೊಡ್ಡಬಳ್ಳಾಪುರದ ಆ ಕಲ್ಯಾಣ ಮಂಟಪದ ಮಹಡಿಯ ಊಟದ ಹಾಲಿನಲ್ಲಿ, ಮದುವೆಗಳಿಲ್ಲದ ದಿನ ಮ್ಯಾಟು ಹಾಸಿ ಅವಳು ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಹೇಳಿಕೊಡುತ್ತಿದ್ದಳು. ಬೀಮಿನ ಮೇಲೆ ಯಾವ ಮಗುವಿನ ಪಾದದ ಗುರುತು ಬೀಳುತ್ತದೋ ಆ ಮಗುವಿನ ಮನೆಯವರೇ ಒರೆಸಬೇಕು ಎಂಬುದು ಅಲ್ಲಿನ ನಿಯಮ. ಈ ನಿಯಮ ಹುಟ್ಟಿದ್ದು ಮೇಷ್ಟ್ರು ಮೊಮ್ಮಗಳನ್ನು ಸೇರಿಸಿದ ವಾರ. ಅಷ್ಟು ಬೆವರುವ ಪಾದ ಇದ್ದದ್ದು ಸಿಂಚನಳೊಬ್ಬಳಿಗೇ.

ಅರ್ಪಿತಳ ಕೈಯೂ ಅಂಥದ್ದೇ. ಮಗ್ಗದ ಮನೆಯಲ್ಲಿ ಹುಟ್ಟಿದರೂ ಅವಳನ್ನು ರೇಷ್ಮೆಯ ಹತ್ತಿರ ಬಿಡುತ್ತಿರಲಿಲ್ಲ. ಮುಟ್ಟಿದರೆ ಸೀರೆಯ ಮೇಲೆ ಕಲೆ ಕೂರುತ್ತದೆಂದು ಅಜ್ಜಿ ಗದರುತ್ತಿದ್ದಳು. ಮನೆಗೆ ಬೇಡವಾದ ಆ ಕೈಗಳನ್ನು ಅವಳು ಶಾಲೆಯ ಜಿಮ್ನಾಸ್ಟಿಕ್ಸ್ ಬಾರಿಗೆ ಕೊಟ್ಟಳು. ಹುಚ್ಚು ಹಿಡಿದವಳ ಹಾಗೆ ಅಭ್ಯಾಸ ಮಾಡಿದಳು. ಆದರೆ ಕೈ ಜಾರಿದಾಗಲೆಲ್ಲ ಸಂಜೀವಪ್ಪ ಮೇಷ್ಟ್ರು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಎರಡೂ ಅಂಗೈಯನ್ನು ಬಿಸಿಲಿಗೆ ಹಿಡಿಸುತ್ತಿದ್ದರು. "ಹಪ್ಪಳ ಒಣಗ್ಲಿ ಬಿಡ್ರೋ" ಎನ್ನುತ್ತಿದ್ದರು. ಇಡೀ ಶಾಲೆಗೆ ಅವಳ ಹೆಸರು ಹಪ್ಪಳವಾಯಿತು. ಕೊನೆಗೆ ರಾಜ್ಯಮಟ್ಟದ ಪಂದ್ಯಕ್ಕೆ ಹುಡುಗಿಯರನ್ನು ಆರಿಸುವಾಗ, "ಒದ್ದೆ ಕೈ ಇವಳ್ದು, ಬಿದ್ರೆ ನನ್ ತಲೆಗ್ ಬರ್ತದೆ" ಎಂದು ಬೇರೊಬ್ಬಳನ್ನು ಕಳಿಸಿದರು. ಆ ಹುಡುಗಿಗೆ ಅರ್ಪಿತ ಮಾಡುತ್ತಿದ್ದುದರ ಅರ್ಧವೂ ಬರುತ್ತಿರಲಿಲ್ಲ.

ಮರೆತಿದ್ದರೆ ಆ ಮನುಷ್ಯನನ್ನು ಕ್ಷಮಿಸಬಹುದಿತ್ತೇನೋ. ಅವರು ಮರೆತಿರಲಿಲ್ಲ. ಮೊದಲ ದಿನವೇ ಅವಳನ್ನು ಗುರುತಿಸಿ, ತಾಯಂದಿರ ಕಡೆ ತಿರುಗಿ, "ನಮ್ ಹುಡ್ಗಿ ಕಣ್ರಮ್ಮ ಇವ್ಳು. ತಿದ್ದಿ ತೀಡಿದ್ದು ನಾನೇ" ಎಂದು ಮೀಸೆಯಡಿಯಲ್ಲಿ ನಕ್ಕಿದ್ದರು. ಅರ್ಪಿತಳಿಗೆ ಮೈಯೆಲ್ಲ ಉರಿದುಹೋಯಿತು. ತಾನು ಮಾಡಿದ್ದೇನೆಂದು ಈ ಮನುಷ್ಯನಿಗೆ ಗೊತ್ತಾಗಬೇಕು, ಗೊತ್ತಾಗಿ ನಾಲ್ಕು ಜನರ ಮುಂದೆ ತಲೆ ತಗ್ಗಬೇಕು ಎಂದು ಅವಳು ಅವತ್ತೇ ನಿಶ್ಚಯಿಸಿದಳು.

ಸಿಂಚನಳ ಮೇಲೆ ಮಾತ್ರ ಅವಳಿಗೆ ಸಿಟ್ಟು ಬರಲಿಲ್ಲ. ಆ ಹುಡುಗಿ ಬಂದ ಹೊಸದರಲ್ಲಿ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಅರ್ಪಿತ ಅವಳ ಪಕ್ಕ ಕೂತು ತನ್ನ ಅಂಗೈ ತೋರಿಸಿದಳು.

"ನೋಡು, ನಂದೂ ಒದ್ದೆ."

"ಮಿಸ್, ಇದು ಕಾಯಿಲೆನಾ?"

"ಅಲ್ಲ ಪುಟ್ಟಿ. ಕೆಲವರಿಗೆ ಹಂಗೇ ಇರುತ್ತೆ. ಹೆದರಿದ್ರೆ ಇನ್ನೂ ಜಾಸ್ತಿ ಬರುತ್ತೆ, ಅಷ್ಟೆ."

ಬೆವರು ತಡೆಯಲೆಂದು ಚರ್ಮದ ಡಾಕ್ಟರು ಬರೆದುಕೊಟ್ಟ ಮುಲಾಮನ್ನು ರಾತ್ರಿ ಒಣಗಿದ ಕೈಕಾಲಿಗೆ ಹೇಗೆ ಹಚ್ಚಬೇಕೆಂದು ಹೇಳಿದಳು. ಬೆರಳ ಸಂದಿಗಳನ್ನೂ ಬಿಡದೆ ಒರೆಸಿಕೊಳ್ಳುವುದನ್ನು, ನಡುವೆ ಸಾಕ್ಸ್ ಬದಲಾಯಿಸುವುದನ್ನು ರೂಢಿ ಮಾಡಿಸಿದಳು. ಮಕ್ಕಳು ಕೈ ಜಾರದಿರಲೆಂದು ಚಾಕ್ ಪುಡಿಯನ್ನು ಹಿಟ್ಟು ಮೆತ್ತಿದಂತೆ ಮೆತ್ತಿಕೊಳ್ಳುತ್ತಾರೆ. ಅದು ಬೆವರಲ್ಲಿ ಕಲಸಿ ಇನ್ನಷ್ಟು ಜಾರುತ್ತದೆ. ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ತಟ್ಟಿ ಉದುರಿಸಬೇಕು. ಸರದಿಗೆ ಮುಂಚೆ ತಾತನೇ ಟವಲಿನಲ್ಲಿ ಅವಳ ಕೈ ಒರೆಸಿ ಕಳಿಸುತ್ತಿದ್ದರು. ಕೈಗಳು ನಿಧಾನವಾಗಿ ಕಂಕುಳಿಂದ ಹೊರಬಂದವು.

ಮಳೆಗಾಲ ಮುಗಿಯುವ ಹೊತ್ತಿಗೆ ಸಿಂಚನ ಬಾರಿನ ಮೇಲೆ ಪೂರ್ತಿ ಒಂದು ಸುತ್ತು ತಿರುಗಿದಳು. ಅರ್ಪಿತ ಕಾಯುತ್ತಿದ್ದುದು ಇದಕ್ಕೇ. ಅದೇ ಒದ್ದೆ ಕೈ, ಬೀಳಲಿಲ್ಲ, ಯಾರ ತಲೆಗೂ ಬರಲಿಲ್ಲ. ಅವಳು ತಿರುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, "ನಮ್ ಪಾಠನೇ ಕಣಮ್ಮ. ನಿನ್ ಕೈಲಿ ಬಂದು, ಈಗ ಇವಳ್ ಕೈಗ್ ಬಂದೈತೆ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಈ ಮನುಷ್ಯ. ಒರೆಸುವುದರಿಂದಲೂ ಅವರಿಗೆ ಅವಮಾನವಾಗುತ್ತಿರಲಿಲ್ಲ. ಮೊಮ್ಮಗಳ ಕೆಲಸವೆಂದು ಗುನುಗಿಕೊಂಡು ಒರೆಸುತ್ತಿದ್ದರು. ಅವಳು ಕೊಟ್ಟ ಶಿಕ್ಷೆಯನ್ನು ಅವರು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡಿದ್ದರು.

ಹಾಗಾಗಿ ಈ ಶನಿವಾರ, ಎಲ್ಲ ಮಕ್ಕಳು ನೀರು ಕುಡಿಯಲು ಕೂತಾಗ, ತಾಯಂದಿರೂ ಇರುವಾಗ, ಅರ್ಪಿತ ಸಲೀಸಾಗಿ ಕೇಳಿದಳು.

"ಸಾರ್, ನಿಮ್ ಕಾಲದಲ್ಲಿ ಒದ್ದೆ ಕೈಗೆ ಏನ್ ಮಾಡ್ತಿದ್ರಿ? ಮಕ್ಕಳಿಗೆ ಸ್ವಲ್ಪ ಹೇಳಿ."

ಕೇಳಿದ್ದೇ ತಡ, ಮೇಷ್ಟ್ರು ಕುರ್ಚಿ ಮುಂದಕ್ಕೆಳೆದುಕೊಂಡರು. "ಎಲ್ಲಿತ್ತಮ್ಮ ಆಗ ಈ ಪುಡಿ ಪೌಡ್ರು? ಬಿಸ್ಲು ಒಂದೇ. ಇವಳ್ನೇ ಕೂರಿಸ್ತಿದ್ನಲ್ಲ, ಮೆಟ್ಲ ಮೇಲೆ, ಹಿಂಗೆ..." ಎಂದು ಎರಡೂ ಅಂಗೈ ಮುಂದೆ ಚಾಚಿ, ಮುಖ ಸಪ್ಪಗೆ ಮಾಡಿ ತೋರಿಸಿದರು. "ಹಪ್ಪಳ ಒಣಗ್ಲಿ ಅಂತಿದ್ದೆ. ಆಮೇಕೆ ಇಡೀ ಸ್ಕೂಲೇ ಇವಳ್ನ ಹಪ್ಪಳ ಅನ್ನೋದು."

ತಾಯಂದಿರು ಗೊಳ್ಳೆಂದು ನಕ್ಕರು. ಫಿಝಾಳ ತಾಯಿ ಶಂಶುನ್ನೀಸಾ ದುಪಟ್ಟಾ ಬಾಯಿಗೆ ಹಿಡಿದುಕೊಂಡು, "ಅರೆ, ಮಿಸ್‌ಗೇ?" ಎಂದಳು. ಮಕ್ಕಳೂ ನಕ್ಕರು. ಸಿಂಚನ ನಗಲಿಲ್ಲ.

"ಎಷ್ಟೊತ್ತು ಕೂರಿಸ್ತಿದ್ದೆ ತಾತ?"

"ಒಣಗೋ ತನ್ಕ ಕಣವ್ವ."

"ಒಣಗ್ತಿತ್ತಾ?"

ಮೇಷ್ಟ್ರ ಬಾಯಲ್ಲಿ ನಗು ಇನ್ನೂ ಉಳಿದಿತ್ತು. ಅವರು ಅರ್ಪಿತಳ ಕಡೆ ನೋಡಿದರು.

"ಒಣಗಲ್ಲ ತಾತ. ಎಲ್ರೂ ನೋಡ್ತಿದ್ರೆ ಇನ್ನೂ ಬರುತ್ತೆ" ಎಂದಳು ಸಿಂಚನ. ಸ್ವಲ್ಪ ತಡೆದು, "ಆಮೇಲೆ ಮಿಸ್‌ನ ಮ್ಯಾಚಿಗೆ ಕಳಿಸಿದ್ಯಾ?" ಎಂದು ಕೇಳಿದಳು.

ಯಾರೂ ನಗುತ್ತಿರಲಿಲ್ಲ. ಮಾತು ತೇಲಿಸಿಬಿಡುವುದು ಅರ್ಪಿತಳಿಗೆ ಕಷ್ಟವಿರಲಿಲ್ಲ. ಟೈಮಾಯ್ತು, ಏಳಿ ಎಂದಿದ್ದರೆ ಸಾಕಿತ್ತು. ಅವಳು ಹಾಗೆನ್ನಲಿಲ್ಲ.

"ಹೇಳಿ ಸಾರ್" ಎಂದಳು.

"ಇಲ್ಲವ್ವ" ಎಂದರು ಮೇಷ್ಟ್ರು, ಮೊಮ್ಮಗಳಿಗೆ. "ಕಳಿಸ್ಲಿಲ್ಲ." ತಮ್ಮ ಚಾಚಿದ ಕೈ ಇನ್ನೂ ಹಾಗೇ ಇದೆಯೆಂದು ಆಗ ಗೊತ್ತಾಗಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದರು.

ಅರ್ಪಿತಳ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ಆ ತಗ್ಗಿದ ತಲೆ ನೋಡಿ ಅವಳಿಗೆ ಸಂತೋಷವೇ ಆಯಿತು. ಇಷ್ಟು ವರ್ಷ ನುಂಗಿಕೊಂಡು ಬಂದದ್ದಕ್ಕೆ ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡು, ಚಪ್ಪಾಳೆ ತಟ್ಟಿ ಮಕ್ಕಳನ್ನು ಎಬ್ಬಿಸಿದಳು. ಮೊದಲ ಸರದಿ ಸಿಂಚನಳದು.

ಮೇಷ್ಟ್ರು ಟವಲು ಹಿಡಿದು ಎದ್ದರು. "ಬಾ ಪುಟ್ಟಿ, ಕೈ ಒರಸ್ತೀನಿ."

"ಬೇಡ" ಎಂದಳು ಸಿಂಚನ, ತಾತನ ಮುಖವನ್ನೇ ನೋಡುತ್ತ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಸಿಂಚನ, ನಾನೇ ಒರಸ್ತೀನಿ, ಬಾ" ಎಂದು ಅರ್ಪಿತ ಹತ್ತಿರ ಹೋದಳು. ಹುಡುಗಿ ಅವಳ ಮುಖವನ್ನೂ ನೋಡಿದಳು, ತಾತನ ಮುಖ ನೋಡಿದ ಹಾಗೆಯೇ, ಮತ್ತು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅವತ್ತು ಅವಳು ಬಾರ್ ಮುಟ್ಟಲಿಲ್ಲ. ಅರ್ಪಿತ ಎರಡು ಸಲ ಕರೆದು, ಮೂರನೆಯ ಸಲ ಕರೆಯಲಾರದೆ ಫಿಝಾಳನ್ನು ಕರೆದಳು.

ಕ್ಲಾಸು ಬಿಟ್ಟಾಗ ಕೆಳಗೆ ನಾಳೆಯ ಮದುವೆಗೆ ಟೆಂಪೋದಿಂದ ಪಾತ್ರೆ ಇಳಿಸುತ್ತಿದ್ದರು. ಅರ್ಪಿತ ಮ್ಯಾಟು ಸುತ್ತುವುದನ್ನು ಬಿಟ್ಟು ಕಿಟಕಿಯ ಬಳಿ ಬಂದಳು. ಮೇಷ್ಟ್ರು ತಮ್ಮ ಟಿ.ವಿ.ಎಸ್. ಗಾಡಿ ಚಾಲೂ ಮಾಡಿ, ಹಿಂದಿನ ಸೀಟನ್ನು ಅಂಗೈಯಿಂದ ತಟ್ಟಿ ಏನೋ ಹೇಳಿದರು. ಸಿಂಚನ ಹತ್ತಲಿಲ್ಲ. ಬ್ಯಾಗು ಏರಿಸಿಕೊಂಡು ಬಸ್ ಸ್ಟ್ಯಾಂಡಿನ ರಸ್ತೆ ಹಿಡಿದು ನಡೆದುಬಿಟ್ಟಳು.

ಮೇಷ್ಟ್ರು ಗಾಡಿಯನ್ನು ಅವಳ ಹಿಂದೆಯೇ ಬಿಟ್ಟರು. ಎರಡೂ ಕಾಲನ್ನು ನೆಲಕ್ಕೆ ಊರುತ್ತ, ಅವಳ ನಡಿಗೆಯಷ್ಟೇ ನಿಧಾನಕ್ಕೆ. ಹಾರನ್ ಮಾಡಲಿಲ್ಲ, ಕೂಗಲಿಲ್ಲ. ಅವರ ಬೆನ್ನಿಗೆ ಒಂದು ಲಾರಿ, ಅದರ ಹಿಂದೆ ಎರಡು ಆಟೋ ಬಂದು ನಿಂತು ಒಂದೇ ಸಮನೆ ಹಾರನ್ ಹೊಡೆಯತೊಡಗಿದವು. ಅರ್ಪಿತ ಕಿಟಕಿಯ ಸರಳು ಹಿಡಿದುಕೊಂಡಳು. ಮೇಷ್ಟ್ರು ಹಿಂದಿರುಗಿ ನೋಡದೆ ಒಂದು ಕೈ ಅಗಲಕ್ಕೆ ಚಾಚಿ, ಮಗುವನ್ನು ಬಳಸಿಕೊಂಡು ಹೋಗಿ ಎಂದು ಹಿಂದಿನ ಗಾಡಿಗಳವರಿಗೆ ದಾರಿ ತೋರಿಸುತ್ತಿದ್ದರು.